ಟುಕುವಿನ ಫ್ಲಾಸ್ಕಿನಲ್ಲಿದ್ದ ಔಷಧ

ಭೇದಿಯಿಂದ ಸಾಯಬಹುದಾಗಿದ್ದ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿದ ಕೀರ್ತಿ ಒ.ಆರ್.ಎಸ್. ಎಂಬ ಬಿಳಿ ಪುಡಿಗೆ ಸಲ್ಲಬೇಕು. ವೈದ್ಯಶಾಸ್ತ್ರ ಅದರ ಮುಂದೆ ತಲೆಬಾಗಿ ನಿಂತಿದೆ. ಆದರೆ ಪುಡಿ ಕಲಸುವುದು ಅಡುಗೆಮನೆಯಲ್ಲಿ. ಅಲ್ಲಿ ವೈದ್ಯಶಾಸ್ತ್ರಕ್ಕೆ ಯಾರೂ ಕೂತುಕೊಳ್ಳಿ ಎನ್ನುವುದಿಲ್ಲ.

2022ರ ಮೇ ತಿಂಗಳು. ಕೋಲ್ಕತ್ತದ ಗಾರ್ಡನ್ ರೀಚ್ ಕಡೆ, ನೌಕರರ ವಸತಿಗೃಹಗಳಿಗೆ ಸೇರಿದ ಒಂದು ದವಾಖಾನೆಯಲ್ಲಿ ನಾನು ಹಿರಿಯ ವೈದ್ಯೆ; ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು. ಒಂದು ಬೆಳಿಗ್ಗೆ ಎಂಜಿನಿಯರ್ ಶ್ರೀಧರ್ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಪಕ್ಕದ ಮನೆಯ ಬಂಗಾಳಿಗಳು ಇಟ್ಟ ‘ಟುಕು’ ಎಂಬ ಹೆಸರಿಗೆ ಮಾತ್ರ ಓಗೊಡುವ ಮಗು. ಆರು ಸಲ ಭೇದಿಯಾಗಿತ್ತು. ತಾಯಿ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಜೊತೆಗೆ ಬಂದವರು ಅಜ್ಜಿ, ಮೈಸೂರಿನ ಪದ್ಮಾವತಮ್ಮ.

ಡಿಹೈಡ್ರೇಶನ್, ಅಂದರೆ ಮೈಯ ನೀರು ಮತ್ತು ಲವಣ ಬರಿದಾಗುವುದು, ಇನ್ನೂ ಆರಂಭದಲ್ಲಿತ್ತು. ಒ.ಆರ್.ಎಸ್. ಮತ್ತು ಜಿಂಕ್ ಬರೆದೆ.

“ಉಪ್ಪುನೀರು ಕುಡಿಸೋಕೆ ಡಾಕ್ಟ್ರಮ್ಮ ಯಾಕೆ ಬೇಕು? ಒಂದು ಡ್ರಿಪ್ಪು ಹಾಕೋಕೂ ಬರಲ್ವಾ?” ಎಂದರು ಪದ್ಮಾವತಮ್ಮ, ನನ್ನ ಮೇಜನ್ನು ಉದ್ದೇಶಿಸಿ.

ನಮ್ಮಲ್ಲೊಂದು ಪದ್ಧತಿಯಿತ್ತು: ನರ್ಸ್ ಜಗ್ಗಿನಲ್ಲಿ ಒಂದು ಲೀಟರು ನೀರು ಅಳೆದು, ಮನೆಯವರ ಎದುರೇ ಪುಡಿ ಕಲಸಿ ತೋರಿಸಬೇಕು. ಅಂದು ನನಗೆ ಕೋಪ ಬಂದಿತ್ತು. ಜಗ್ಗು ಬೇಡವೆಂದೆ. ಕುದಿಸಿದ ನೀರು ಒಂದು ಲೀಟರು, ಪುಡಿ ಪೂರ್ತಿ ಪ್ಯಾಕೆಟ್, ಬರೀ ನೀರು ಸಾಲದು, ಮಿಕ್ಕಿದ್ದೆಲ್ಲ ಪ್ಯಾಕೆಟ್ ಮೇಲಿದೆ ಎಂದು ಒಂದೇ ಉಸಿರಿಗೆ ಹೇಳಿ, ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದೆ. ಪ್ಯಾಕೆಟ್ ಮೇಲಿದ್ದದ್ದು ಇಂಗ್ಲಿಷು ಮತ್ತು ಹಿಂದಿ. ಆಕೆಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಅದು ನನಗೆ ಗೊತ್ತಿತ್ತೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮರುದಿನ ಹನ್ನೊಂದು ಗಂಟೆಗೆ ಮೂವರೂ ಮತ್ತೆ ಹಾಜರು. ಟುಕು “ಜೋಲ್, ಜೋಲ್” ಎಂದು ಬಂಗಾಳಿಯಲ್ಲಿ ನೀರು ಕೇಳಿ ಚೀರುತ್ತಿದ್ದಳು. ಭೇದಿ ಹೆಚ್ಚಿತ್ತು. ನಾಲಿಗೆ ಒಣಗಿತ್ತು, ಚರ್ಮ ನಾದಿದ ಹಿಟ್ಟಿನಂತಿತ್ತು, ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ರಕ್ತದಲ್ಲಿ ಉಪ್ಪು ಏರಿದಾಗ ಹೀಗಾಗುತ್ತದೆ. ಇನ್ನೂ ಏರಿದರೆ ಫಿಟ್ಸ್; ಆಮೇಲೆ ಮಿದುಳಿಗೆ ಹಾನಿ.

ನಾನು ಶ್ರೀಧರ್ ಮೇಲೆ ಹರಿಹಾಯ್ದೆ. ಎರಡು ಪ್ಯಾಕೆಟ್ ಸುರಿದಿರಾ? ಇಲ್ಲ, ಒಂದೇ. ಲೋಟದಲ್ಲಿ ಕಲಸಿದಿರಾ? ಇಲ್ಲ, ಲೀಟರ್ ಬಾಟಲಿಯಲ್ಲಿ ನೀರು ಅಳೆದು ಅಮ್ಮನ ಕೈಗೆ ಕೊಟ್ಟು ಆಫೀಸಿಗೆ ಹೋದದ್ದು ತಾವೇ. ಕುದಿಸಿದ್ದೋ? ಅಮ್ಮ ಚೆನ್ನಾಗಿಯೇ ಕುದಿಸಿದ್ದಾರೆ. ಉತ್ತರಗಳಿಗೆಲ್ಲ ಪೂರ್ತಿ ಅಂಕ. ಮಗು ಮಾತ್ರ ಕೈತಪ್ಪುತ್ತಿತ್ತು. ಲಿಖಿತ ದೂರು ಕೊಡುವುದಾಗಿ ಅವರು ಇಂಗ್ಲಿಷಿನಲ್ಲಿ ತಿಳಿಸಿದರು. ಧಾರಾಳವಾಗಿ ಕೊಡಿ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ.

ಅಜ್ಜಿಯ ಕೈಯಲ್ಲಿ ಸ್ಟೀಲ್ ಫ್ಲಾಸ್ಕ್ ಇತ್ತು. ಕಿತ್ತುಕೊಂಡು, ಮುಚ್ಚಳಕ್ಕೆ ಬಗ್ಗಿಸಿ ಬಾಯಿಗೆ ಹಾಕಿಕೊಂಡೆ. ಸರಿಯಾಗಿ ಕಲಸಿದ ಒ.ಆರ್.ಎಸ್. ಕಣ್ಣೀರಿಗಿಂತ ಉಪ್ಪಾಗಿರಬಾರದು. ಇದು ಉಪ್ಪಿನಕಾಯಿ ಜಾಡಿಯ ನೆಂಟನಂತಿತ್ತು. ಇದಕ್ಕೇನು ಬೆರೆಸಿದಿರಿ ಎಂದೆ.

“ಏನೂ ಬೆರೆಸಿಲ್ಲ. ಪುಡಿ ಹಾಕಿ, ಒಂದು ಲೀಟರು ಅರ್ಧಕ್ಕಿಳಿಯೋ ತನಕ ಸಣ್ಣ ಉರೀಲಿ ಕುದಿಸಿದೀನಿ. ಕಷಾಯ ಮಾಡೋದನ್ನ ನಿಮ್ಮಿಂದ ಕಲೀಬೇಕಾ?”

ದಕ್ಷಿಣದವರ ಸಾಮಾನು ಸಿಗುವ ಲೇಕ್ ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಜೀರಿಗೆಗೆ ಅದು ಸರಿಯಾದ ವಿಧಾನ. ಆದರೆ ಕುದಿಯುವಾಗ ಆವಿಯಾಗುವುದು ನೀರು. ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಪಟ್ಟು ಉಪ್ಪಾದ ಆ ದ್ರಾವಣವನ್ನು ಯಾವ ನರ್ಸಿಗೂ ಇರದ ನಿಷ್ಠೆಯಿಂದ ಚಮಚ ಚಮಚವಾಗಿ ಕುಡಿಸಿದ್ದರು. ‘ಬರೀ ನೀರು ಸಾಲದು’ ಎಂಬ ನನ್ನ ಮಾತನ್ನು ಅಪ್ಪಣೆಯೆಂದೇ ಹಿಡಿದು ಬರೀ ನೀರನ್ನು ಒಂದು ಹನಿಯೂ ಕೊಟ್ಟಿರಲಿಲ್ಲ.

ಕುದಿಸಿದಿರಾ ಎಂದು ಕೇಳಿದ್ದ ನಾನು, ಪುಡಿ ಹಾಕುವ ಮೊದಲೋ ಆಮೇಲೋ ಎಂದು ಕೇಳಿರಲಿಲ್ಲ.

“ಮಗೂಗೆ ವಿಷ ಕುಡಿಸಿದೀರಿ,” ಎಂದೆ.

“ತೋರಿಸಿಕೊಟ್ಟಿದ್ರೆ ಹಾಗೇ ಮಾಡ್ತಿದ್ದೆ,” ಎಂದರು ಆಕೆ. “ಗಂಟೆ ಒತ್ತಿದ್ದು ನೀವು.”

ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ಆಂಬ್ಯುಲೆನ್ಸಿನಲ್ಲಿ ನಾನೂ ಹೋದೆ. ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ 158 ಎಂದು ಬಂತು. ಇರಬೇಕಾದದ್ದು 135ರಿಂದ 145. ಇಳಿಸುವುದನ್ನೂ ನಿಧಾನವಾಗಿ ಮಾಡಬೇಕು, ಅವಸರಪಟ್ಟರೆ ಮಿದುಳು ಊದಿಕೊಳ್ಳುತ್ತದೆ. ನಲವತ್ತೆಂಟು ಗಂಟೆ ಹಿಡಿಯಿತು. ಪದ್ಮಾವತಮ್ಮ ಕೇಳಿದ್ದ ಡ್ರಿಪ್ ಹೀಗೆ ಮಂಜೂರಾಯಿತು.

ನೀರನ್ನು ಮೊದಲು ಕುದಿಸಿ, ಆರಿಸಿ, ಆಮೇಲೆ ಪುಡಿ ಹಾಕಬೇಕು. ಕಲಸಿದ್ದಕ್ಕೆ ಮತ್ತೆ ಒಲೆ ತೋರಿಸಬಾರದು. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಚೆಲ್ಲಬೇಕು. ಇದು ರೋಗಿಗಳ ಪಾಠ. ನನ್ನದು ಬೇರೆ: ಎದುರಿಗಿರುವವರ ಮೇಲೆ ಸಿಟ್ಟು ಬಂದ ದಿನ ಜಗ್ಗು ಮೇಜಿನ ಮೇಲೆ ಬರಲೇಬೇಕು. ಉಳಿದ ಹತ್ತು ತಿಂಗಳು ನಾನೇ ಕಲಸಿ ತೋರಿಸಿದೆ.

ಶ್ರೀಧರ್ ದೂರು ಕೊಟ್ಟರು. ನಾನು ಒಪ್ಪಿಕೊಂಡು ಸಹಿ ಹಾಕಿದೆ. ಟುಕು ಐದನೆಯ ದಿನ ಮನೆಗೆ ಹೋದಳು. ಅವಳ ಅಜ್ಜಿ ನನ್ನೊಡನೆ ಮತ್ತೆ ಮಾತಾಡಲಿಲ್ಲ.