ನಾಲ್ಕನೇ ಟ್ರ್ಯಾಕಿನ ಕಿರ್ ಸದ್ದು

ಅಕ್ಕಿಆಲೂರಿನಲ್ಲಿ ನನ್ನ ಮೈಕ್‌ಸೆಟ್ ಅಂಗಡಿ ಇದ್ದದ್ದು ಅಕ್ಕಿ ಗಿರಣಿಯ ಬೆನ್ನಿಗೆ. ಗಿರಣಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿಲ್ಲುತ್ತಿತ್ತು. ಹಾಡು ರೆಕಾರ್ಡ್ ಮಾಡುವುದಿದ್ದರೆ ಆ ಎರಡೇ ತಾಸು. ಮೂರಕ್ಕೆ ಗಿರಣಿ ಗುಡುಗಿತೆಂದರೆ ಗೋಡೆಯೂ ನಡುಗುತ್ತಿತ್ತು, ಕರೆಂಟೂ ಇಳಿಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು ಅಂತ ಊರೂರು ತಿರುಗಿ ಮದುವೆಗಳಿಗೆ ಮೈಕ್ ಕಟ್ಟಿದ ದುಡಿಮೆಯಲ್ಲಿ ಒಂದೇ ಟೇಪಿನಲ್ಲಿ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ತುಂಬುವ, ನಾಲ್ಕು ಟ್ರ್ಯಾಕಿನ ಒಂದು ಕ್ಯಾಸೆಟ್ ರೆಕಾರ್ಡರ್ ತಂದಿದ್ದೆ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರಗಳನ್ನಷ್ಟೇ ನೋಡಿದ್ದೆ. ಉಳಿದದ್ದನ್ನು ಒಂದೊಂದೇ ಗುಂಡಿ ಒತ್ತಿ, ಏನಾಗುತ್ತದೆ ನೋಡಿ ಕಲಿತೆ. ಹಾಗೆ ಕಲಿತದ್ದು ಸಣ್ಣ ಮಾತೆಂದು ನನಗೆ ಇವತ್ತಿಗೂ ಅನಿಸಿಲ್ಲ.

ದುಂಡಸಿಯ ಭಜನಾ ಮಂಡಳಿಯವರು ಆರು ಹಾಡಿನ ಕ್ಯಾಸೆಟ್ ಮಾಡಿಸಬೇಕೆಂದಿದ್ದರು. ಅವರ ತಬಲಾದವನು ಕೈ ಮುರಿದುಕೊಂಡಿದ್ದ. 'ತಬಲಾ ನಾ ಕೊಡ್ತೇನ್ರಿ' ಎಂದು ಮಾತು ಕೊಟ್ಟುಬಿಟ್ಟೆ. ಹುಬ್ಬಳ್ಳಿಯ ಆರ್ಕೆಸ್ಟ್ರಾದ ಗೆಳೆಯನೊಬ್ಬನಿಂದ ಒಂದು ದಿನದ ಮಟ್ಟಿಗೆ ಕೀಬೋರ್ಡನ್ನೂ ಅದಕ್ಕೆ ಕೇಬಲ್ಲಿನಿಂದ ಜೋಡಿಸುವ ಒಂದು ಮಿಡಿ ಪೆಟ್ಟಿಗೆಯನ್ನೂ ತಂದೆ. ಆ ಪೆಟ್ಟಿಗೆ ದನಿಯನ್ನು ತುಂಬಿಕೊಳ್ಳುವುದಿಲ್ಲ. ಯಾವ ಸ್ವರದ ಮನೆಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಿದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಕೀಬೋರ್ಡಿನಿಂದ ಹಾಗೆಯೇ ನುಡಿಸುತ್ತದೆ. ಮೊದಲ ಹಾಡಿನ ತಬಲಾವನ್ನು ಕೀಬೋರ್ಡಿನ ತಬಲಾ ದನಿಯಲ್ಲಿ ಬಾರಿಸಿ ಅದಕ್ಕೆ ಕಲಿಸಿದ್ದೆ.

ಕರೆಂಟು ಇಳಿದರೆ ನನ್ನ ಟೇಪು ನಿಧಾನವಾಗುತ್ತಿತ್ತು, ಪೆಟ್ಟಿಗೆ ಆಗುತ್ತಿರಲಿಲ್ಲ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಲು ಬೆಳಿಗ್ಗೆಯೇ ಪೆಟ್ಟಿಗೆಯ ಗುರುತಿನ ಸದ್ದನ್ನು ನಾಲ್ಕನೇ ಟ್ರ್ಯಾಕಿಗೆ ತುಂಬಿದ್ದೆ. ಜೀರುಂಡೆಯಂಥ ಕಿರ್ ಸದ್ದು. ಟೇಪಿನಿಂದ ಅದು ಕೇಳಿಬಂದಂತೆ ಪೆಟ್ಟಿಗೆ ಹೆಜ್ಜೆ ಹಾಕುತ್ತದೆ.

ಮಂಡಳಿಯ ಹಿರಿಯರು ರಿಟೈರ್ ಆದ ಕನ್ನಡ ಸಾಲಿ ಮಾಸ್ತರರು. ಹಾರ್ಮೋನಿಯಂ ಅವರದೇ. ಬಂದವರೇ ಪೆಟ್ಟಿಗೆಯನ್ನು ದಿಟ್ಟಿಸಿದರು.

'ನಾಕನೇತ್ತಾ ಬಿಟ್ಟಾಂವಗ ಇಂಗ್ಲಿಷ್ ಪೆಟಗಿ! ಇದು ನಿನ್ನ ಮಾತ ಕೇಳತೈತೇನಪಾ?'

'ಸಾಲಿ ಕಲತವ್ರ ಮಾತಿಗಿಂತ ಚಂದ ಕೇಳತೈತ್ರಿ' ಎಂದೆ.

'ನೋಡೂಣಂತ. ಮೊದಲ್ನೇ ಹಾಡು ಪಾಡ ಆದ್ರ ಉಳಿದ ಐದೂ ನಿನಗ. ಇಲ್ಲಾಂದ್ರ ಹುಬ್ಬಳ್ಳಿ ದಾರಿ ನಮಗೇನ ಹೊಸಾದಲ್ಲ.'

ಪೆಟ್ಟಿಗೆಯ ತಬಲಾವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿದರು, ಹಾಡು ಮೊದಲ ಸಲಕ್ಕೇ ಬಂತು. ದನಿ ಒಂದನೇ ಟ್ರ್ಯಾಕು, ಹಾರ್ಮೋನಿಯಂ ಎರಡನೆಯದು. ತಬಲಾವನ್ನು ಟೇಪಿಗೆ ಹಾಕಿರಲಿಲ್ಲ. ಕೊನೆಗೆ ಎಲ್ಲವನ್ನೂ ಬೇರೆ ಕ್ಯಾಸೆಟ್ಟಿಗೆ ಇಳಿಸುವಾಗ ಪೆಟ್ಟಿಗೆಯೇ ನುಡಿಸಬೇಕು. ಆಗ ಮಾಸ್ತರರು ಕೇಳಿದರು:

'ಟೇಪಿನ ಮುಂದ ಖಾಲಿ ಬಿಟ್ಟೀಯಲ್ಲೋ! ದೇವರ ಸ್ಮರಣಿ ಇಲ್ದ ಹಾಡು ಶುರು ಆಗತೈತೇನು?'

ಹಾಡಿನ ಮುಂದೆ ಅರ್ಧ ನಿಮಿಷ ಖಾಲಿ ಇತ್ತು, ಮೂರನೇ ಟ್ರ್ಯಾಕೂ ಖಾಲಿಯೇ. ಟೇಪು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದೆ. ಶ್ಲೋಕ ಅಷ್ಟರಲ್ಲಿ ಮುಗಿಯಿತು. ಜೈಕಾರ ಮುಗಿಯಲಿಲ್ಲ. ಮಠದ ಅಜ್ಜನಿಗೆ ಜೈ, ಊರ ದ್ಯಾಮವ್ವಗ ಜೈ, ಹಣಮಪ್ಪಗ ಜೈ. ನಮ್ಮ ಕಡೆ ಜೈಕಾರವನ್ನು ನಡುವೆ ಯಾರೂ ನಿಲ್ಲಿಸುವುದಿಲ್ಲ, ನಾನೂ ನಿಲ್ಲಿಸಲಿಲ್ಲ. ಮೂರನೆಯದಷ್ಟೇ ತುಂಬುತ್ತಿದೆ, ಹೆಚ್ಚಾದದ್ದನ್ನು ಆಮೇಲೆ ಮುಚ್ಚಿದರಾಯಿತೆಂದು ನಾನೂ ಒಂದು ಜೈ ಅಂದೆ. ನಾಲ್ಕನೆಯದರ ಕೆಂಪು ದೀಪವೂ ಉರಿಯುತ್ತಿದ್ದುದನ್ನು ಕಂಡದ್ದು ಕೊನೆಯ ಜೈ ಆದಮೇಲೆ. ಮೂರನೆಯದನ್ನು ಒತ್ತುವ ಅವಸರದಲ್ಲಿ ಬೆರಳು ಪಕ್ಕದ ಗುಂಡಿಯನ್ನೂ ಒತ್ತಿತ್ತು, ಜೈಕಾರದ ಉದ್ದಕ್ಕೂ ಕಿರ್ ಸದ್ದು ಅಳಿಸಿಹೋಗಿತ್ತು.

ಟೇಪು ಹಾಕಿ ಕೇಳಿದೆ. ಹಾಡು ಶುರುವಾಯಿತು, ತಬಲಾ ಇಲ್ಲ. ಪಲ್ಲವಿ ಎರಡನೇ ಸಲ ಬರುವಾಗ ಪೆಟ್ಟಿಗೆ ದಡಕ್ಕನೆ ಎದ್ದು, ಹಾಡು ಈಗಷ್ಟೇ ಹುಟ್ಟಿತೆಂಬಂತೆ ಮೊದಲಿನಿಂದ ನುಡಿಸತೊಡಗಿತು, ಅದೂ ತಾಳದ ನಡುವೆ ಕಾಲಿಟ್ಟು.

'ತಾಳ ಎತ್ತಾಗೋ ಹೊಂಟೈತಲ್ಲೋ!' ಎಂದರು ಮಾಸ್ತರರು.

'ಸ್ವಲ್ಪ ತಡೀರಿ' ಎಂದೆ. ಗಡಿಯಾರ ನೋಡಿದೆ. ಎರಡೂಮುಕ್ಕಾಲು. ಇನ್ನೊಮ್ಮೆ ಹಾಡಿಸಲು ಹೊತ್ತಿಲ್ಲ. ಸಂಜೆಯ ಬಸ್ಸಿಗೆ ಪೆಟ್ಟಿಗೆ ಹುಬ್ಬಳ್ಳಿಗೆ ಹೋಗಲೇಬೇಕು. ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಹೋದೆ, ಒಳಗೆ ಬಂದೆ, ಬೀಡಿ ಹಚ್ಚಿ ಎರಡು ಎಳೆಯುವಷ್ಟರಲ್ಲಿ ಒಗೆದೆ.

ದಾರಿಯೊಂದಿತ್ತು. ಅಳಿಸಿಹೋದಷ್ಟು ತಾಳದ ಆವರ್ತನಗಳನ್ನು ಪೆಟ್ಟಿಗೆಯ ನೆನಪಿನಿಂದಲೂ ತೆಗೆದುಬಿಡುವುದು. ಆದರೆ ಕಿರ್ ಸದ್ದು ತಾಳದ ನಡುವೆ ಶುರುವಾಗುತ್ತಿತ್ತು. ಅದು ಸಮಕ್ಕೇ, ಅಂದರೆ ತಾಳದ ಮೊದಲ ಮಾತ್ರೆಗೇ, ಶುರುವಾಗಬೇಕೆಂದರೆ ಉಳಿದದ್ದರಲ್ಲಿ ಇನ್ನಷ್ಟು ಅಳಿಸಬೇಕು, ಅಳಿಸುವ ಗುಂಡಿಯಿಂದ ಬೆರಳನ್ನು ಸರಿಯಾಗಿ ಸಮದ ಮೇಲೆ ಎತ್ತಬೇಕು. ಗುಂಡಿ ತಪ್ಪಿ ಒಂದನೆಯದನ್ನು ಒತ್ತಿದರೆ ದನಿಯೇ ಹೋಗುತ್ತದೆ.

ಗಿರಣಿ ಗುಡುಗಿತು. ಮೊದಲ ಸಲ ಬೆರಳು ತಡವಾಯಿತು. ಮುಂದಿನ ಸಮಕ್ಕೆ ಕಾದೆ. ಅದಕ್ಕೂ ಕೂದಲೆಳೆಯಷ್ಟು ತಡ. ಹಾಡು ಕರಗುತ್ತಿತ್ತು. ಮೂರನೇ ಸಲ ಯಂತ್ರವನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಎಡಗೈಯಿಂದ ತಾಳ ಹಾಕುತ್ತ ಬಲಗೈ ಬೆರಳನ್ನೆತ್ತಿದೆ.

ಪೆಟ್ಟಿಗೆಯಿಂದ ಅಷ್ಟು ಆವರ್ತನಗಳನ್ನು ತೆಗೆದು ಟೇಪನ್ನು ಮೊದಲಿನಿಂದ ಹಾಕಿದೆ. ಪಲ್ಲವಿ ಮೂರು ಸಲ ಬರಿಯ ದನಿ ಮತ್ತು ಹಾರ್ಮೋನಿಯಮ್ಮಿನಲ್ಲಿ ಸಾಗಿತು. ನಾಲ್ಕನೆಯದಕ್ಕೆ ಸಮದ ಮೇಲೆ ತಬಲಾ ಬಿತ್ತು. ಕರೆಂಟು ಇಳಿದು ಹಾಡು ಕೊಂಚ ಜಗ್ಗಿತು, ತಬಲಾವೂ ಅದರ ಜೊತೆಗೇ ಜಗ್ಗಿತು.

ಮಾಸ್ತರರು ಹೆಡ್‌ಫೋನ್ ತೆಗೆಯಲಿಲ್ಲ. ಎರಡನೇ ಸಲ ಕೇಳಿದರು. ನನ್ನ ಬನಿಯನ್ ಬೆನ್ನಿಗೆ ಅಂಟಿತ್ತು.

'ಈಗ ಬಂತ ನೋಡು ಭಜನಿ! ದನಿ ಮುಂದ, ತಾಳ ಹಿಂದ. ಮೊದಲ ಹಿಂಗ್ಯಾಕ ಮಾಡಿರಲಿಲ್ಲ?'

'ಜೈಕಾರ ಕೇಳಿದ ಮ್ಯಾಲ ಹೊಳೀತ್ರಿ.'

'ಉಳಿದ ಐದೂ ಹಿಂಗ ಆಗಬೇಕು ಮತ್ತ. ಮೂರ ಸಲ ಪಲ್ಲವಿ, ಆಮ್ಯಾಲ ತಬಲಾ.'

'ಆತ್ರಿ' ಎಂದೆ. ಕೈತಪ್ಪಿನಿಂದ ಆದದ್ದೆಂದು ಹೇಳಲು ಬಾಯಿ ಬರಲಿಲ್ಲ. ಉಳಿದ ಐದು ಹಾಡಿಗೂ, ಪ್ರತಿ ಸಲ ಪೆಟ್ಟಿಗೆ ಬೇಡಿ ತಂದು, ಮೂರು ಪಲ್ಲವಿಯಷ್ಟು ಕಿರ್ ಸದ್ದನ್ನು ಬೇಕೆಂದೇ ಅಳಿಸಿದೆ. ಪೆಟ್ಟಿಗೆಗೇ ಮೂರು ಪಲ್ಲವಿ ಸುಮ್ಮನಿರಲು ಕಲಿಸಬಹುದಿತ್ತೆಂದು ತಿಳಿದದ್ದು ಆರನೆಯ ಹಾಡೂ ಮುಗಿದ ಮೇಲೆ.