ಯಾಕೆ ಮಿಸ್ ಮತ್ತು ಸತ್ತ ಮೀನಿನ ಕೆರೆ

ಆ ಶಾಲೆಯ ವಿಜ್ಞಾನದ ಮಿಸ್ಸಿಗೆ ಮಕ್ಕಳಿಟ್ಟ ಹೆಸರು ಯಾಕೆ ಮಿಸ್. ಏನೇ ಕೇಳಿ, ನೆಟ್ಟಗೆ ಉತ್ತರ ಕೊಟ್ಟವರಲ್ಲ. 'ನಿನಗೇನನ್ನಿಸುತ್ತೆ? ಯಾಕೆ?' ಅಂತ ಪ್ರಶ್ನೆಯನ್ನು ಕೇಳಿದವರ ಕೈಗೇ ವಾಪಸ್ ಕೊಡುವವರು. ಮನೆಯಲ್ಲೂ ಅದೇ ಚಾಳಿ. 'ಬೀಗದ ಕೈ ಎಲ್ಲೇ?' ಅಂತ ಗಂಡ ಕೂಗಿದರೆ, 'ಬಾಗಿಲು ತೆಗೆದಾಗ ಕೈಲಿ ಇನ್ನೇನಿತ್ತು?' ಅನ್ನುವ ಮಾತು ಅಡುಗೆಮನೆಯಿಂದ ಬರುತ್ತಿತ್ತು. ಪಾಪ, ಆ ಮನುಷ್ಯ ಹುಡುಕುವುದರಲ್ಲಿ ಪಂಡಿತನಾಗಿಬಿಟ್ಟಿದ್ದ.

ಇಂಥವರ ಕೈಗೆ ದೊಡ್ಡ ಪೆಟ್ಟಿಗೆಯೊಂದರಲ್ಲಿ ವಿ.ಆರ್. ಕನ್ನಡಕಗಳು ಬಂದವು. ಹಾಕಿಕೊಂಡರೆ ತರಗತಿ ಮಾಯ, ಎದುರಿಗೊಂದು ಕೆರೆ, ದಡದಲ್ಲಿ ಸತ್ತ ಮೀನುಗಳು. ಯಾಕೆ ಸತ್ತವು ಅಂತ ನೀರು ಪರೀಕ್ಷಿಸಿ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಮಕ್ಕಳೇ ಪತ್ತೆ ಹಚ್ಚಬೇಕು. ಮಿಸ್ಸಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೆಡ್‌ಮಾಸ್ಟರಿಗೆ ಮಾತ್ರ ಮೈಯೆಲ್ಲ ಉರಿ. 'ಪಾಠ ಹಿಂದೆ ಬಿದ್ದಿದೆ, ಗಲಾಟೆ ಮುಂದೆ ಹೋಗಿದೆ. ನಾನೇ ಬಂದು ನೋಡ್ತೀನಿ. ಬರೀ ಆಟ ಅನ್ನಿಸಿದ್ರೆ ಅದೇ ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸ್ತೀನಿ' ಅಂದುಬಿಟ್ಟರು.

ಹೆಡ್‌ಮಾಸ್ಟರ್ ಸಾರ್ ಬಂದರು. ಹುಬ್ಬು ಗಂಟಿಕ್ಕಿಕೊಂಡೇ ಕನ್ನಡಕ ಹಾಕಿಕೊಂಡರು.

'ಯಾರೋ ವಿಷ ಹಾಕಿದಾರೆ, ಅಷ್ಟೇ.'

'ನಾವೂ ಹಾಗೇ ಅಂದ್ಕೊಂಡಿದ್ವಿ ಸಾರ್,' ಅಂದಳು ಮುಂದಿನ ಬೆಂಚಿನ ಹುಡುಗಿ. 'ಆದ್ರೆ ಕಪ್ಪೆಗಳು ಆರಾಮಾಗಿವೆ. ಯಾಕೆ?'

'ಇರು, ಹತ್ತಿರ ಹೋಗಿ ನೋಡ್ತೀನಿ' ಅಂದ ಸಾರ್ ಶೂ ಬಿಚ್ಚಿಟ್ಟರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ಒಣ ನೆಲದ ಮೇಲೆ ಮೆಲ್ಲಗೆ, ಬಲು ಹುಷಾರಾಗಿ ಕಾಲಿಟ್ಟರು! ತೂತು ಬಿದ್ದ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಯಾರಾದರೂ ನಕ್ಕರೆ ಕತೆ ಮುಗೀತು ಅಂತ ಮಿಸ್ ಕಣ್ಣಲ್ಲೇ ಗದರಿದರು.

ಕೊನೆಗೆ ಕಿಸಕ್ಕಂತ ನಕ್ಕದ್ದು ಮಿಸ್ಸೇ.

ಸಾರ್ ಕನ್ನಡಕ ತೆಗೆದು ತಮ್ಮ ಕಾಲು ನೋಡಿಕೊಂಡರು. ಕಿವಿ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಇಡೀ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಗಂಟೆ ಹೊಡೆಯಿತು. ಸಾರ್ ಮತ್ತೆ ಕನ್ನಡಕ ಏರಿಸಿಕೊಂಡರು.

'ಕಪ್ಪೆ ಮೇಲೆ ಬಂದು ಗಾಳಿ ತಗೊಳುತ್ತೆ. ಮೀನಿಗೆ ನೀರಲ್ಲೇ ಉಸಿರು ಸಾಲ್ತಿಲ್ವಾ? ಯಾಕೆ?'

ಹಿಂದಿನ ಬೆಂಚಿನವನೊಬ್ಬ ತಡೆಯಲಾರದೆ, 'ಸಾರ್, ಬೆಳಗಿನ ಜಾವ...' ಅಂತ ಶುರು ಮಾಡಿದ.

'ಹೇಳ್ಬೇಡ್ವೋ! ನಾಳೆ ನಾನೇ ಕಂಡುಹಿಡೀತೀನಿ.'

ಯಾಕೆ ಮಿಸ್ಸಿನ ಕಣ್ಣು ತುಂಬಿ ಬಂತು. ಶೂ ಕೈಲಿ ಹಿಡಿದು ಹೊರಟ ಸಾರ್ ಬಾಗಿಲಲ್ಲಿ ತಿರುಗಿ ನಿಂತರು.

'ಆ ಖಾಲಿ ಪೆಟ್ಟಿಗೆ ಗುಜರಿಗೆ ಹಾಕಿಬಿಡಿ ಮಿಸ್.'