ರಕ್ತದಲ್ಲಿ ಬಂದ ಮೊದಲ ರ‍್ಯಾಂಕು

ಇದನ್ನು ನೀವು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಕ್ಲಾಸಿನ ಹುಡುಗಿಯರೂ ನಂಬಲಿಲ್ಲ. ಅವರಿಗೆ ಹೇಳುವಾಗ ನಾನು ಅರ್ಧಕ್ಕರ್ಧ ಸುಳ್ಳು ಸೇರಿಸಿದ್ದೆ, ಅದು ಬೇರೆ ಮಾತು. ಇಲ್ಲಿ ಕಾಲು ಭಾಗ ದಾಟಿಲ್ಲ. ಬೆಂಗಳೂರಿನಲ್ಲಿ ಎಂಥವರಿದ್ದಾರೆ ಎಂದರೆ, ಶಿಡ್ಲಘಟ್ಟದಲ್ಲಿ ಕೂತ ಮನುಷ್ಯನ ತೋಳಿನಿಂದ ಒಂದು ಚಮಚ ರಕ್ತ ತರಿಸಿಕೊಂಡು, ಅವನ ತೊಡೆಯೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಾರೆ. ತೊಡೆಯನ್ನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ.

ಇದೆಲ್ಲ ಶುರುವಾದದ್ದು ನನ್ನ ತಮ್ಮನ ಕಾಲಿನಿಂದ. ಆಗ ಅವನಿಗೆ ಎಂಟು ವರ್ಷ, ನನಗೆ ಹದಿನೈದು. ಅವನ ಮೀನಖಂಡಗಳು ನಮ್ಮೂರು ಮೇಲೂರಿಗೆಲ್ಲ ಪ್ರಸಿದ್ಧ. ಮೊಳಕಾಲಿನ ಕೆಳಗೆ ಒಂದೊಂದು ತೆಂಗಿನಕಾಯಿ ಕಟ್ಟಿಕೊಂಡು ಓಡಾಡುವ ಹುಡುಗನಂತೆ ಕಾಣುತ್ತಿದ್ದ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, "ಈ ಮಗೂನ ಗರಡಿಗೆ ಹಾಕ್ರಪ್ಪ, ಒಳ್ಳೆ ಪೈಲ್ವಾನ್ ಆಗ್ತಾನೆ" ಅನ್ನುತ್ತಿದ್ದರು. ಅಮ್ಮ ಆ ಕಾಲುಗಳಿಗೆ ಹರಳೆಣ್ಣೆ ತಿಕ್ಕಿ, ಸಂಜೆ ದೃಷ್ಟಿ ತೆಗೆಯುತ್ತಿದ್ದಳು. ಆದರೆ ನಮ್ಮ ಈ ಪೈಲ್ವಾನರು ನಡೆಯುತ್ತಿದ್ದುದು ತುದಿಗಾಲಿನಲ್ಲಿ. ನೆಲದಿಂದ ಏಳಬೇಕಾದರೆ ಮೊದಲು ಬೋರಲಾಗಿ ಕೈಯೂರಿ, ಆಮೇಲೆ ಆ ಕೈಗಳನ್ನು ಮೊಳಕಾಲಿಗೆ, ಅಲ್ಲಿಂದ ತೊಡೆಗೆ ಸರಿಸುತ್ತ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದ. ನಾನು ಹಾಗೇ ಎದ್ದು ತೋರಿಸಿ ಮನೆಮಂದಿಯನ್ನು ನಗಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಶಿಡ್ಲಘಟ್ಟದ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ಡಾಕ್ಟರು ಮಾತ್ರ ನಗಲಿಲ್ಲ. "ಕೂತ್ಕೊಳಪ್ಪ, ಎದ್ದೇಳಪ್ಪ" ಎಂದು ಮೂರು ಸಲ ಏಣಿ ಹತ್ತಿಸಿದರು. ಮೀನಖಂಡ ಅದುಮಿ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಅಮ್ಮನಿಗೆ ಹೇಳಿದ್ದು ನನಗೆ ತಿಳಿದದ್ದು ತುಂಬ ತಡವಾಗಿ. ಅದು ಮಾಂಸಖಂಡ ಸವೆಯುವ ಕಾಯಿಲೆ. ಊದಿದ ಕಾಲಿನಲ್ಲಿರುವುದು ಶಕ್ತಿಯಲ್ಲ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಹೊತ್ತು ತರುವ ಹೆಣ್ಣುಮಕ್ಕಳು ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆಯಂತೆ: "ನನ್ ಮಗಳಲ್ಲೂ ಇದ್ಯಾ?" ಡಾಕ್ಟರು, "ಅದನ್ನ ನೋಡೋಕೇ ಮೂರೂ ಜನದ ರಕ್ತ ತಗೊಳ್ತೀನಮ್ಮ" ಅಂದರಂತೆ.

ನನಗೆ ಅವರು ಹೇಳಿದ್ದು ಇಷ್ಟೇ: "ಮಾಂಸಖಂಡದಲ್ಲಿ ಒಂದು ಪ್ರೋಟೀನಿದೆ. ನಿನ್ನ ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೀತೀವಿ. ಮುಂದಿನ್ ತಿಂಗಳು ಬರೋವಾಗ ಎರಡು ದಿನ ಮೊದ್ಲಿಂದ ಭಾರದ ಕೆಲ್ಸ ಮಾಡ್ಬೇಡ."

ಪ್ರೋಟೀನು ಎಂದರೆ ಶಕ್ತಿ ಎಂದು ನಮ್ಮ ವಿಜ್ಞಾನದ ಪುಸ್ತಕದಲ್ಲೇ ಇತ್ತು. ಅಳೆಯುತ್ತಾರೆ ಎಂದ ಮೇಲೆ ಅದೊಂದು ಪರೀಕ್ಷೆ. ಪರೀಕ್ಷೆ ಎಂದ ಮೇಲೆ ಮೊದಲ ರ‍್ಯಾಂಕು ನನ್ನದು. ಎರಡು ದಿನ ಸುಮ್ಮನಿರು ಅಂದದ್ದು ದಡ್ಡರಿಗೆ. ಏನೂ ಓದಿಲ್ಲ ಕಣೇ ಎಂದು ಅಳುಮುಖ ಮಾಡಿ, ಮನೆಯಲ್ಲಿ ಕದ ಹಾಕಿಕೊಂಡು ಓದುವ ಪೈಕಿ ನಾನು.

ನಮ್ಮ ಗೋಡೆಗೆ ಅಂಟಿಕೊಂಡೇ ಒಂದು ಚರಕದ ಮನೆಯಿತ್ತು. ಅಲ್ಲಿಯ ಖಾಲಾ, ಅಂದರೆ ನಾವೆಲ್ಲ ಚಿಕ್ಕಮ್ಮನ ಹಾಗೆ ಕಾಣುತ್ತಿದ್ದ ಸಾಬರ ಹೆಂಗಸು, ಕುದಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆಗೂಡಿನಿಂದ ಎಳೆ ಎತ್ತಿ ಕೊಡುತ್ತಿದ್ದಳು. ಹಿಂದೆ ಒಬ್ಬರು ನಿಂತು, ಆ ಎಳೆ ಸುತ್ತುವ ದೊಡ್ಡ ಚಕ್ರವನ್ನು ತಿರುಗಿಸಬೇಕು. ರಕ್ತ ಕೊಡುವ ಹಿಂದಿನ ದಿನ ಅಮ್ಮ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋದದ್ದೇ ತಡ, ನಾನು ಹೋಗಿ ಆ ಹಿಡಿ ಹಿಡಿದುಕೊಂಡೆ. ಹುಟ್ಟಿದ ಮೇಲೆ ಅರ್ಧ ಗಂಟೆಯೂ ಅದನ್ನು ತಿರುಗಿಸಿದವಳಲ್ಲ. ಅವತ್ತು ತಿರುಗಿಸಿದ ಎಳೆಯನ್ನು ಬಿಚ್ಚಿ ಎಳೆದಿದ್ದರೆ ಮೇಲೂರಿನಿಂದ ಚಿಂತಾಮಣಿಗೆ ಹೋಗಿ, ಅಲ್ಲಿ ಕಾಫಿ ಕುಡಿದು, ವಾಪಸು ಗೌರಿಬಿದನೂರಿನವರೆಗೂ ಬರುತ್ತಿತ್ತು.

ಮಧ್ಯಾಹ್ನಕ್ಕೆ ಖಾಲಾ ಗಾಬರಿಯಾದಳು. "ಬಸ್ ಕರ್ ಬೇಟಿ! ಸಾಕು ಬಿಡು, ಕೈ ಬಿದ್ದೋಗ್ತದೆ. ನಿಮ್ಮಮ್ಮ ನನ್ ಜೀವ ತಗೀತಾಳೆ."

"ನಾಳೆ ಪರೀಕ್ಷೆ ಇದೆ ಖಾಲಾ."

"ಯಾವ್ ಪರೀಕ್ಷೇನೇ ಇದು, ಪುಸ್ತಕ ಇಲ್ಲ, ಪೆನ್ನಿಲ್ಲ?"

ಬಾಗಿಲಲ್ಲಿ ಕೂತಿದ್ದ ತಮ್ಮ, "ಏಮಮ್ಮಾ ಪೈಲ್ವಾನಮ್ಮಾ!" ಎಂದು ತೆಲುಗಿನಲ್ಲಿ ಕೂಗಿದ. "ತಿರುಗ್ಸೇ, ತಿರುಗ್ಸೇ! ನನ್ ಮೀನಖಂಡದ ಮುಂದೆ ನಿನ್ದೇನ್ ನಡಿಯಲ್ಲ."

ಮರುದಿನ ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಕೈ ಬರಲಿಲ್ಲ. ಅಮ್ಮನೇ ಹಾಕಿದಳು, ಏನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, "ಭಾರದ ಕೆಲಸ ಏನೂ ಮಾಡಿಲ್ಲ ತಾನೆ?" ಅಂದರು. ನಾನು, "ಎರಡ್ ದಿನದಿಂದ ಒಂದ್ ಚೆಂಬೂ ಎತ್ತಿಲ್ಲ ಸಾರ್" ಅಂದೆ. ಗಾಜಿನ ಸಿರಿಂಜಿನಲ್ಲಿ ರಕ್ತ ಬಂತು. ಅದನ್ನು ಒಂದು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದಾಗ ಕೆಂಪೆಲ್ಲ ತಳಕ್ಕಿಳಿದು, ಮೇಲೆ ಗಂಜಿಯ ತಿಳಿಯಂಥ ಹಳದಿ ನೀರು ನಿಂತಿತು. ನನ್ನೊಳಗೆ ಹಳದಿ ನೀರಿದೆ ಎಂದು ಹದಿನೈದು ವರ್ಷ ಯಾರೂ ನನಗೆ ಹೇಳಿರಲಿಲ್ಲ! ಮೂರು ಸಣ್ಣ ಕೊಳವೆಗಳಲ್ಲಿ ಅದನ್ನು ತುಂಬಿ, ಐಸು ತುಂಬಿದ ಥರ್ಮಾಸಿನೊಳಗೆ ಇಟ್ಟರು. ಮಗುವನ್ನು ಎತ್ತಿಕೊಂಡಂತೆ ಅದನ್ನು ಎದೆಗವಚಿಕೊಂಡು ಡಾಕ್ಟರು ಬೆಂಗಳೂರಿಗೆ ಹೊರಟರು. ಹೆಂಡತಿಯನ್ನೂ ಯಾರೂ ಅಷ್ಟು ಜೋಪಾನವಾಗಿ ಕರೆದುಕೊಂಡು ಹೋದದ್ದನ್ನು ನಾನು ಕಂಡಿಲ್ಲ.

ಮುಂದಿನ ತಿಂಗಳು ಫಲಿತಾಂಶ. ಮೊದಲು ಅಮ್ಮನನ್ನು ಒಬ್ಬಳನ್ನೇ ಕರೆದು ಅವಳದನ್ನು ಹೇಳಿದರು. ಅವಳು ಹೊರಗೆ ಬಂದು, ನಮ್ಮಿಬ್ಬರನ್ನೂ ನೋಡದೆ, ಮುಖ ತೊಳೆಯಲು ನಲ್ಲಿಯ ಕಡೆಗೆ ಹೋದಳು. ನಾವು ಒಳಗೆ ನುಗ್ಗಿದೆವು. ಮೇಜಿನ ಮೇಲೆ ಹಾಳೆಯಿತ್ತು. ತಲೆಕೆಳಗಾದ ಅಕ್ಷರ ಓದುವುದರಲ್ಲಿ ನಾನು ನಿಪುಣೆ. ತಮ್ಮನ ಅಂಕಿ ರೈಲಿನಷ್ಟು ಉದ್ದವಿತ್ತು. ಅಮ್ಮನದು ಸುಮಾರು. ನನ್ನದು ಅಮ್ಮನದಕ್ಕಿಂತ ಎಷ್ಟೋ ಮೇಲೆ!

"ಅಮ್ಮನ್ನ ಸೋಲಿಸ್ದೆ ಕಣೋ!" ಎಂದು ಕುಣಿದೆ. "ದೊಡ್ಡೋರಲ್ಲಿ ನಾನೇ ಫಸ್ಟು!"

ಡಾಕ್ಟರು ಹಾಳೆಯನ್ನು ಮಗುಚಿಟ್ಟರು. "ಕೂತ್ಕೊಳಮ್ಮ. ಗೂಡು ಬೇಯ್ಸೋದು ನೋಡಿದೀಯಾ?"

"ದಿನಾ ನೋಡ್ತೀನಿ ಸಾರ್."

"ಗೂಡು ಗಟ್ಟಿ ಇದ್ರೆ ಬಾಣಲೆ ನೀರು ಹೇಗಿರುತ್ತೆ?"

"ತಿಳಿಯಾಗಿರುತ್ತೆ."

"ತೂತಾಗಿದ್ರೆ?"

"ಒಳಗಿನ್ ಹುಳದ್ದೆಲ್ಲ ಸೋರಿ ಕದಡೋಗುತ್ತೆ. ಖಾಲಾ ಗೂಡು ನೋಡೋದೇ ಇಲ್ಲ ಸಾರ್, ನೀರು ನೋಡೇ ಹೇಳ್ಬಿಡ್ತಾಳೆ."

"ನಾವೂ ಅಷ್ಟೇ. ಮಾಂಸಖಂಡದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಿವೆ, ಜೀವಕೋಶ ಅಂತ. ಆ ಪ್ರೋಟೀನು ಅದರೊಳಗೇ ಇರ್ಬೇಕು. ಗೂಡು ಕೆಟ್ರೆ ರಕ್ತಕ್ಕೆ ಸೋರುತ್ತೆ; ಮೈಮುರಿಯೋ ಕೆಲ್ಸ ಮಾಡಿದ್ರೂ ಸ್ವಲ್ಪ ದಿನ ಸೋರುತ್ತೆ. ಜಾಸ್ತಿ ಬಂದ್ರೆ ಅದು ಒಳ್ಳೇದಲ್ಲಮ್ಮ."

ನನ್ನ ತೋಳನ್ನು ನಾನೇ ಅದುಮಿ ನೋಡಿಕೊಂಡೆ. ನನ್ನ ತೊಡೆ, ತೋಳು, ನಗುವಾಗ ಎಳೆಯುವ ಕೆನ್ನೆ, ಎಲ್ಲದರೊಳಗೂ ಲೆಕ್ಕವಿಲ್ಲದಷ್ಟು ಗೂಡುಗಳು; ಒಂದೊಂದಕ್ಕೂ ಒಂದು ಗೋಡೆ; ಯಾರೂ ನೇಯದ ಗೋಡೆ. ನಾನು ಮಲಗಿರುವಾಗಲೂ ಅವು ಒಳಗಿನದನ್ನು ಒಳಗೇ ಹಿಡಿದುಕೊಂಡಿರುತ್ತವೆ. ತಮ್ಮನೊಳಗೆ ಅವು ಬೆಳಗಿನಿಂದ ಬೆಳಗಿನವರೆಗೆ ಸೋರುತ್ತಿವೆ, ಅವನು ನಗುತ್ತಿರುವಾಗಲೂ. ಆಮೇಲೆ ಚರಕ ನೆನಪಾಯಿತು. ನನ್ನ ನೀರನ್ನು ಕದಡಿದ್ದು ನಾನೇ ಇರಬಹುದು. ಬಾಯಿ ತೆರೆದೆ.

ಅಷ್ಟರಲ್ಲಿ ತಮ್ಮ ನನ್ನ ತೋಳು ಹಿಡಿದುಕೊಂಡ. "ಅಂದ್ರೆ ಅಕ್ಕಂಗೂ ನಂದೇ ಕಾಯ್ಲೆನಾ ಸಾರ್? ನಾನೊಬ್ನೇ ಅಲ್ವಾ?" ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ತೆರೆದ ಬಾಯಿಯಲ್ಲಿ ಬೇರೆಯೇ ಮಾತು ಬಂತು. "ಹೂಂ ಕಣೋ. ಅದಕ್ಕೇ ನಂಗೂ ಮೆಟ್ಲು ಹತ್ತೋಕೆ ಕಷ್ಟ." ಎದ್ದು, ತುದಿಗಾಲಿನಲ್ಲಿ ಕೋಣೆಗೊಂದು ಸುತ್ತು ಬಂದೆ. ನೆಲದ ಮೇಲೆ ಕೂತು, ಕೈಗಳನ್ನು ಮೊಳಕಾಲಿಗಿಟ್ಟು, ತೊಡೆಗಿಟ್ಟು, ಮೆಲ್ಲಗೆ ಮೇಲೆದ್ದೆ. ತಮ್ಮ ಚಪ್ಪಾಳೆ ತಟ್ಟಿ, "ಇನ್ನೊಂದ್ಸಲ ಅಕ್ಕ!" ಅಂದ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೊಂದು ಸಲ ಕೂತೆ.

ಅಮ್ಮ ಒಳಗೆ ಬಂದಳು. ಮುಖದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ರಟ್ಟೆ ಹಿಡಿದು ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದಳು.

"ಡಾಕ್ಟ್ರೇ, ಇವಳ ಲೆಕ್ಕ ಹೊಡೆದಾಕಿ. ಹಿಂದಿನ ದಿನ ಪೂರ್ತಿ ಪಕ್ಕದ್ಮನೇಲಿ ಚರಕ ತಿರುಗ್ಸಿದಾಳೆ. ಜಡೆ ಹಾಕೋವಾಗ ಕೈ ಏಳ್ಲಿಲ್ಲ. ಆಮೇಲೆ ಖಾಲಾನ ಕೇಳ್ದೆ. ಅದ್ರಿಂದ ಹೀಗೆ ಬರುತ್ತೆ ಅಂತ ನಂಗೇನ್ ಗೊತ್ತು? ಈಗ ಬಾಗ್ಲಲ್ಲಿ ನಿಂತು ನೀವು ಹೇಳಿದ್ದು ಕೇಳ್ದೆ. ಅದ್ರಿಂದ್ಲೇ ಬಂದಿರ್ಬೋದಾ? ಹೇಳಿ ಡಾಕ್ಟ್ರೇ, ಬಂದಿರ್ಬೋದಾ?"

"ಬಂದಿರ್ಬೋದು" ಅಂದರು ಡಾಕ್ಟರು. ಹಾಳೆ ತಿರುಗಿಸಿ ನನ್ನ ಅಂಕಿಯ ಮೇಲೆ ಒಂದು ಗೀಟು ಎಳೆದರು. "ಮುಂದಿನ್ ತಿಂಗಳು ನಾನ್ ಬರೋ ತನಕ ಸುಮ್ನಿರ್ಲಿ. ಮತ್ತೆ ತಗೊಳ್ಳೋಣ."

ತಮ್ಮ ಗೀಟನ್ನೂ ನನ್ನನ್ನೂ ನೋಡಿದ. "ಹಾಗಾದ್ರೆ ಅಕ್ಕ ಫೇಲಾಗ್ಬಿಡ್ತಾಳಾ ಅಮ್ಮ?"

ಅಮ್ಮ ನನ್ನ ರಟ್ಟೆ ಬಿಡಲಿಲ್ಲ. ಇನ್ನೊಂದು ಕೈಯಿಂದ ಅವನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆಗ್ಲಿ ಕಣಪ್ಪ" ಅಂದಳು. "ಇದೊಂದ್ರಲ್ಲಿ ಫೇಲಾಗ್ಲಿ."